ಗೇಟಿನ ಲಾಕರಿನಲ್ಲಿ ತಂಗಿಯ ಫೋನು

ನಮ್ಮ ಬೀದಿಗೆ ಮೊದಲು ಮೊಬೈಲ್ ತಂದವನು ನಾನು. ಅರ್ಧ ಇಟ್ಟಿಗೆಯಂಥ ಅದನ್ನು ತೆಳು ಬಿಳಿ ಅಂಗಿಯ ಜೇಬಿನಲ್ಲಿ, ಎದುರಿನವರಿಗೆ ಕಾಣುವ ಹಾಗೆ ಇಟ್ಟುಕೊಂಡು ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದೆ ಓಡಾಡುತ್ತಿದ್ದೆ. ಗುರುತಿನವರಲ್ಲಿ ಇನ್ಯಾರ ಹತ್ತಿರವೂ ಮೊಬೈಲ್ ಇರಲಿಲ್ಲವಾದ್ದರಿಂದ ಅದು ಬಡಿದುಕೊಂಡದ್ದೇ ಅಪರೂಪ.

"ಯಾರೂ ಮಾಡಲ್ವಲ್ಲೋ ನಿಂಗೆ! ಪೂಜೆ ಮಾಡಕ್ಕೆ ತಂದಿದೀಯೇನ್ಲಾ?" ಎಂದು ಅಮ್ಮ ನಗುತ್ತಿದ್ದಳು.

ಈಗ ಮನೆಯಲ್ಲಿ ತಲೆಗೊಂದು. ಗ್ಯಾಸಿಗೆ, ರೇಷನ್ನಿಗೆ, ಕೊತ್ತಂಬರಿ ಸೊಪ್ಪಿಗೆ ಕೂಡ ಅದೇ ಬೇಕು. ನನಗಂತೂ ಗಾಬರಿಪಡುವುದಕ್ಕೂ ಬೇಕು. ನರಸಾಪುರದ ಕಾರ್ಖಾನೆಗೆ ಹೋಗುವ ತಂಗಿಗೆ ದಿನವಿಡೀ ಫೋನ್ ಮಾಡುತ್ತೇನೆ: ಬಸ್ ಸಿಕ್ಕಿತಾ, ತಿಂಡಿ ತಿಂದೆಯಾ, ಮೋಡ ಆಗಿದೆ, ಕೊಡೆ ಇದೆಯಾ. ಅಲ್ಲಿ ಫೋನನ್ನು ಗೇಟಿನ ಲಾಕರಿನಲ್ಲಿಟ್ಟೇ ಒಳಗೆ ಹೋಗಬೇಕು. ಅದು ಗೊತ್ತಿದ್ದೂ ಮಾಡುತ್ತೇನೆ.

ಅಮ್ಮ ಹೋದದ್ದು ತಂಗಿ ಬೆಳಗಿನ ಶಿಫ್ಟಿನಲ್ಲಿದ್ದಾಗ. ಮಧ್ಯಾಹ್ನದ ಹೊತ್ತಿಗೆ ಎದೆನೋವು ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೈ ಹಿಡಿದು ನೋಡಿ ತಲೆಯಾಡಿಸಿದರು. ಹೆಂಡತಿ ಚಿಕ್ಕಮ್ಮನಿಗೆ ಸುದ್ದಿ ಹೇಳಿದಳು. ನಾನು ಅಭ್ಯಾಸಬಲದಿಂದ ತಂಗಿಗೆ ಫೋನ್ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಅಷ್ಟರಲ್ಲಿ ಜೇಬು ಟಿಣ್ ಎಂದಿತು. ಚಿಕ್ಕಮ್ಮನ ಮಗ ನಮ್ಮ ಮನೆಯವರ ಗ್ರೂಪಿಗೆ ಅಮ್ಮನ ಫೋಟೊ ಹಾಕಿದ್ದ. ಹಾರ, ಎರಡು ದೀಪ, ಓಂ ಶಾಂತಿ. ಅಮ್ಮ ಇನ್ನೂ ಸ್ಟ್ರೆಚರಿನ ಮೇಲೇ ಇದ್ದಳು.

ಅವನಿಗೆ ಫೋನ್ ಮಾಡಿದೆ. "ತೆಗೀಲೇ ಅದನ್ನ. ತಂಗಿಗಿನ್ನೂ ಗೊತ್ತಿಲ್ಲ."

"ಆಗ್ಲೇ ಎಲ್ರೂ ನೋಡ್ಬಿಟ್ರಲ್ಲಣ್ಣ. ಸ್ಟೇಟಸ್ಸಿಗೂ ಹಾಕ್ಕೊಂಡವ್ರೆ."

ಲಾಕರ್ ತೆಗೆದ ಕೂಡಲೇ ಅವಳಿಗೆ ಆ ಹಾರ ಕಾಣುತ್ತದೆ. ಅದಕ್ಕೆ ಮುಂಚೆ ನಾನು ಅಲ್ಲಿರಬೇಕು. ಅಮ್ಮನ ಹತ್ತಿರ ಹೆಂಡತಿಯನ್ನು ಬಿಟ್ಟು ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಬೈಕ್ ಪಂಕ್ಚರ್ ಆದರೆ ಎಂಬುದೇ ಯೋಚನೆ. ಅಮ್ಮನ ಯೋಚನೆ ಬರಲೇ ಇಲ್ಲ.

"ಇನ್ನೇನು ಶಿಫ್ಟ್ ಬಿಡ್ತದೆ, ಇಲ್ಲೇ ನಿಂತ್ಕೊಳ್ಳಿ ಸಾರ್," ಎಂದ ಸೆಕ್ಯೂರಿಟಿಯವನು. ಲಾಕರುಗಳು ಗೇಟಿನ ಒಳಗೆ, ನಾನು ಹೊರಗೆ.

ಹೆಂಗಸರು ಸಾಲಾಗಿ ಬಂದರು, ಎಲ್ಲರೂ ತಲೆ ತಗ್ಗಿಸಿ ಫೋನ್ ನೋಡುತ್ತ. ತಂಗಿ ಮಾತ್ರ ಫೋನನ್ನು ಸುಮ್ಮನೆ ಕೈಯಲ್ಲಿ ಹಿಡಿದು, ನನ್ನನ್ನು ಕಂಡು ನಗುತ್ತ ಬಂದಳು.

"ಇಷ್ಟೊಂದು ಮಿಸ್ಡ್ ಕಾಲಾ! ನಿಂದೇ ಅಂತ ಗೊತ್ತಾಗಿ ಮುಂದಕ್ಕೆ ನೋಡ್ಲೇ ಇಲ್ಲ ಕಣಣ್ಣ. ಇವತ್ತೇನು, ಕೊಡೆ ಕೇಳಕ್ಕೆ ಗೇಟಿಗೇ ಬಂದ್ಬಿಟ್ಯಾ?"

ಇಷ್ಟು ವರ್ಷ ಸುಳ್ಳು ಗಾಬರಿ ಪಟ್ಟದ್ದು ಈ ಒಂದು ನಿಮಿಷಕ್ಕಾದರೂ ಉಪಯೋಗಕ್ಕೆ ಬಂತು.

ಅವಳ ಕೈಯಲ್ಲಿ ಮತ್ತೆ ಟಿಣ್ ಎಂದಿತು. ಕಸಿದುಕೊಂಡು ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಅವಳ ನಗು ನಿಂತಿತು. ನನ್ನ ಕಾಲು ನೋಡಿದಳು.

"ಅಣ್ಣ, ಚಪ್ಪಲಿ ಎಲ್ಲಿ?"

ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದೆ. ಜೇಬಿನಲ್ಲಿ ಎರಡು ಫೋನುಗಳೂ ಒಂದೇ ಸಮ ನಡುಗುತ್ತಿದ್ದವು. ಅವಳ ಕೈ ಹಿಡಿದು ಕಂಪನಿ ಬಸ್ಸಿನ ನೆರಳಿಗೆ ಕರೆದುಕೊಂಡು ಹೋಗಿ ಹೇಳಿದೆ.