ಗೋಡೆಗೆ ಒರಗಿಸಿಟ್ಟ ಕಾಲುಗಳು

ಭಾನುವಾರ ಬೆಳಿಗ್ಗೆ ಆಟಕ್ಕೆ ಮೊದಲು ನಾವೆಲ್ಲ ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿಡುತ್ತಿದ್ದೆವು, ಮದುವೆ ಹಾಲ್‌ನ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ. ಆಮೇಲೆ ನೆಲದಲ್ಲಿ ಕೂತು ವಾಲಿಬಾಲ್. ಚೆಂಡು ಹೊಡೆಯುವಾಗ ಕುಂಡೆ ಮೇಲೆದ್ದರೆ ಫೌಲ್. ನನ್ನಷ್ಟು ಫೌಲ್ ಮಾಡಿದವರು ಬೇರೆ ಯಾರೂ ಇರಲಿಲ್ಲ.

ಸುರತ್ಕಲ್ ಹೆದ್ದಾರಿಯಲ್ಲಿ ಬೈಕಿನ ಜೊತೆ ಎಡಗಾಲನ್ನೂ ಕಳಕೊಂಡು ಏಳು ತಿಂಗಳು ಮನೆಯಲ್ಲಿ ಮಲಗಿದ್ದವನು ನಾನು. ಅದಕ್ಕೆ ಮೊದಲು ಊರವರೆಲ್ಲರ ನಡಿಗೆ, ಮಾತು ನಕಲು ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಈಗ ಉಳಿದದ್ದು ಒಂದೇ ನಡಿಗೆ, ಅದೂ ಸರಿಯಾಗಿ ಬರುತ್ತಿರಲಿಲ್ಲ. ಆಟಕ್ಕೆ ಸೇರಿದ ಮೇಲೆ ತೋಳಿಗೆ ಬಲ ಬಂತು, ನಿದ್ದೆ ಬಂತು, ನಾಲಿಗೆಯ ಹಳೆ ಚಾಳಿಯೂ ಬಂತು.

ಚಾಳಿಗೆ ಮೊದಲು ಸಿಕ್ಕಿದವರು ನಮ್ಮ ಜೊತೆ ಆಡುತ್ತಿದ್ದ ಉಳ್ಳಾಲದ ಮಾಮ. ಬಂದರಿನಲ್ಲಿ ಮೀನು ಹರಾಜಿನ ಏಲಂ ಕೂಗುತ್ತಿದ್ದವರು. ಸಕ್ಕರೆ ಕಾಯಿಲೆಗೆ ಬಲಗಾಲು ಹೋದ ಮೇಲೆ ವರ್ಷವಿಡೀ ಮನೆಯಿಂದ ಹೊರಬಿದ್ದಿರಲಿಲ್ಲವಂತೆ. ಇಲ್ಲಿ ಪಾಯಿಂಟನ್ನೂ ಏಲಂ ಹಾಗೆಯೇ ಕೂಗುತ್ತಿದ್ದರು, ನಾನು ಅವರ ಸ್ವರದಲ್ಲೇ ತಿರುಗಿ ಕೂಗುತ್ತಿದ್ದೆ. ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಒಂದು ಭಾನುವಾರ ಅವರ ಎಡಗಾಲಿನ ಸಾಕ್ಸ್ ಹಿಮ್ಮಡಿಗೆ ಅಂಟಿಕೊಂಡಿತ್ತು. ಎಳೆದಾಗ ಹುಣ್ಣು ಕಂಡಿತು. ನೋವೇ ಇಲ್ಲ ಎಂದರು.

"ಯಾರಿಗೂ ಹೇಳ್ಬೇಡ ಮಾರಾಯ. ಡಾಕ್ಟ್ರಿಗೆ ಗೊತ್ತಾದ್ರೆ ನನ್ನ ಭಾನುವಾರ ಹೋಯ್ತು."

"ಎಂತ ಮಾಮ, ಇದನ್ನೂ ಗೋಡೆಗೆ ಒರಗಿಸುವ ಅಂದಾಜು ಉಂಟಾ?" ಎಂದೆ.

ಇಬ್ಬರೂ ನಕ್ಕೆವು. ನಾನು ಯಾರಿಗೂ ಹೇಳಲಿಲ್ಲ.

ಮೂರು ವಾರ ಕಳೆದು ಆ ಕಾಲನ್ನೂ ಮೊಣಕಾಲಿನ ಮೇಲಿನಿಂದ ತೆಗೆದರು.

ಅವರನ್ನು ನೋಡಲು ಉಳ್ಳಾಲಕ್ಕೆ ಹೋದಾಗ ತಪ್ಪಾಯಿತು ಎನ್ನಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಹೊದಿಕೆಯ ಕೆಳಗಿನ ಅರ್ಧ ಭಾಗ ಹಾಸಿಗೆಗೆ ಸಮವಾಗಿ ಬಿದ್ದಿತ್ತು. ಅದನ್ನು ನೋಡಿ ಬಾಯಿಗೆ ಬಂದದ್ದೇ ಬೇರೆ.

"ಆಡ್ಲಿಕ್ಕೆ ಕಾಲು ಬೇಡ ಮಾಮ. ಬನ್ನಿ."

"ಆಡ್ಲಿಕ್ಕೆ ಬೇಡ. ಅಲ್ಲಿಗೆ ಬರ್ಲಿಕ್ಕೆ ಬೇಕಲ್ಲ."

ಈಗ ಪಾಯಿಂಟ್ ಕೂಗುವುದು ಯಾರೆಂದು ಕೇಳಿದರು. ನಾನೇ, ನಿಮ್ಮ ಸ್ವರದಲ್ಲಿ ಎಂದೆ.

"ಎಲ್ಲಿ, ಕೂಗು ನೋಡುವ."

ಹತ್ತು–ಒಂಬತ್ತು ಎಂದು ಕೂಗಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಸಾಲದು. ನಾನು ಜೋರು ಕೂಗ್ತಿದ್ದೆ."

ಇನ್ನೊಮ್ಮೆ ಕೂಗಿದೆ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ನಿಲ್ಲಿಸು ಎನ್ನಲಿಲ್ಲ, ಹಾಗಾಗಿ ಕೂಗುತ್ತಲೇ ಇದ್ದೆ.