ಅಪ್ಪನನ್ನು ಕರೆಯುವ ಬಟನ್

ನನ್ನ ಗಂಡನಿಗೆ ನಿವೃತ್ತಿಯಾದ ಮೇಲೆ ಹಿಡಿದ ಹುಚ್ಚುಗಳಲ್ಲಿ ಸ್ಮಾರ್ಟ್ ಸ್ವಿಚ್ಚು ತೀರಾ ಇತ್ತೀಚಿನದು. ಬೀದರಿನ ನಮ್ಮ ಮನೆಯ ವೈರಿಂಗ್ ಹಳೆಯದಾಗಿ, ಬೇಸಿಗೆಯಲ್ಲಿ ಕೂಲರ್ ಹಾಕಿದರೆ ಬೋರ್ಡೇ ಬಿಸಿಯಾಗುತ್ತಿತ್ತು. ಹೊಸ ವೈರ್ ಎಳೆಸಿ ಎಂದು ನಾನು ಬಾಯಿ ಬಡಿದುಕೊಂಡಾಗೆಲ್ಲ ಹೂಂ ಹೂಂ ಎನ್ನುತ್ತಿದ್ದವರು, ಕೆಲಸ ಶುರುವಾಗುವ ಹೊತ್ತಿಗೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಮನೆಗೆಲ್ಲ ಗಾಜಿನ ಟಚ್ ಸ್ವಿಚ್ಚೇ ಆಗಬೇಕು ಎಂದು ಹಟ ಹಿಡಿದರು. ಫೋನಿನಿಂದಲೇ ದೀಪ ಹಾಕಬಹುದಂತೆ. ಬಾಯಲ್ಲಿ ಹೇಳಿದರೆ ಆರುತ್ತದಂತೆ. ಚರ್ಚಿನಲ್ಲಿ ಕೂತು ಬಚ್ಚಲಮನೆಯ ದೀಪ ಆರಿಸಬಹುದಂತೆ. ಚರ್ಚಿನಲ್ಲಿ ಕೂತಾಗ ಪ್ರಾರ್ಥನೆ ಮಾಡಿದರೆ ಸಾಕು, ಬಚ್ಚಲ ದೀಪ ನಾನು ನೋಡಿಕೊಳ್ಳುತ್ತೇನೆ ಎಂದೆ.

ನನ್ನ ತಲೆಯಲ್ಲಿದ್ದ ಚಿಂತೆಯೇ ಬೇರೆ. ಅವ್ವ ತೀರಿಕೊಂಡ ಮೇಲೆ ಭಾಲ್ಕಿಯ ಬಾಡಿಗೆ ಮನೆ ಬಿಡಿಸಿ ಅಪ್ಪನನ್ನು ನಮ್ಮಲ್ಲಿಗೆ ಕರೆತಂದಿದ್ದೆ. ಆದರೆ ಅವನು ನಿಲ್ಲಲಿಲ್ಲ. ಕರೆತಂದಾಗಲೆಲ್ಲ ನಾಲ್ಕು ದಿನ ಇದ್ದು, ಚೀಲ ಹಿಡಿದು ಸಾಯಗಾಂವದಲ್ಲಿರುವ ತಮ್ಮನ, ನನ್ನ ಕಾಕಾನ, ಮನೆಗೆ ಹೊರಟುಬಿಡುತ್ತಿದ್ದ. ಬೀದರಿನ ನೀರು ಒಗ್ಗುವುದಿಲ್ಲ ಎನ್ನುತ್ತಿದ್ದ, ಇಲ್ಲಿ ಮಾತಿಗೆ ಯಾರೂ ಇಲ್ಲ ಎನ್ನುತ್ತಿದ್ದ. ಕಾಕಾನ ಮನೆ ಮೊದಲೇ ತುಂಬಿದ ಮನೆ, ಅಲ್ಲಿ ಅಪ್ಪ ಮಲಗುವುದು ಪಡಸಾಲೆಯಲ್ಲಿ. ಹೋದ ಸಲ ನಾನು ಸಿಟ್ಟಿಗೆದ್ದು, ಮಗಳ ಮನೆ ನಿನಗೆ ಏನು ಕಡಿಮೆ ಮಾಡಿದೆ ಎಂದು ಎದುರು ನಿಂತು ಕೇಳಿದಾಗ ನಿಜ ಹೇಳಿದ.

"ನಿಮ್ಮ ಮನ್ಯಾಗ ಎಲ್ಲಾರೂ ಹಿಂದಿಂದ ಬಂದು ಭುಜಾ ಮುಟ್ತೀರಿ. ಎದಿ ಧಸಕ್ ಅಂತದ. ಕಳ್ಳನ್ನ ಹಿಡದಂಗ ಆಗ್ತದ ನನಗ."

ಅಪ್ಪನಿಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ನಾನು ತೊಟ್ಟಿಲಲ್ಲಿದ್ದಾಗ ಬಂದ ಜ್ವರ ಕಿವಿಯನ್ನು ಕಿತ್ತುಕೊಂಡು ಹೋಯಿತು, ಮಾತು ಉಳಿಯಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾನೆ. ಬೆನ್ನು ತಿರುಗಿಸಿದನೋ, ಮುಗಿಯಿತು. ಭಾಲ್ಕಿಯಲ್ಲಿ ಅವನು ದರ್ಜಿಯಾಗಿದ್ದ. ನರ್ಸುಗಳ ಬಿಳಿ ಯೂನಿಫಾರ್ಮ್ ಹೊಲಿಯುವುದರಲ್ಲಿ ಎತ್ತಿದ ಕೈ. ಇಸ್ತ್ರಿ ಮಾಡಿ ಗೂಟಕ್ಕೆ ತೂಗುಹಾಕಿದ ಆ ಬಟ್ಟೆಗಳನ್ನು ನೋಡಿ ಆಸೆಪಟ್ಟೇ ನಾನು ನರ್ಸ್ ಆದೆ, ಸೇವೆ ಗೀವೆ ಎಂಬುದೆಲ್ಲ ಆಮೇಲೆ ಬಂದದ್ದು.

ಅವ್ವ ಔರಾದ್ ಕಡೆಯ ಚಿಂತಾಕಿಯವಳು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಬೆಳೆದ ಗಂಟಲು ಅವಳದು. ಅಂಥ ಗಂಟಲಿನವಳಿಗೆ ಕಿವಿ ಕೇಳದ ಗಂಡ! ಭಾಲ್ಕಿಯ ಮನೆಯಲ್ಲಿ ಅಡುಗೆಮನೆ ಹಿಂಬದಿಗೆ, ಅಪ್ಪನ ಹೊಲಿಗೆ ಮಷಿನ್ ಬೀದಿ ಕಡೆಯ ಕೋಣೆಯಲ್ಲಿ, ಮುಂದಿನ ಖೋಲಿಯಲ್ಲಿ. ಊಟಕ್ಕೆ ಕರೆಯಲು ಅವಳು ಪ್ರತಿ ಸಲ ರೊಟ್ಟಿ ಹಂಚಿನ ಮೇಲೆ ಬಿಟ್ಟು ಎದ್ದು ಹೋಗಬೇಕಿತ್ತು, ಅಷ್ಟರಲ್ಲಿ ರೊಟ್ಟಿ ಕರಕಲಾಗುತ್ತಿತ್ತು.

ಆ ಮನೆಗೆ ಕರೆಂಟು ಹಾಕಿದವನು ಯಾವ ಲೆಕ್ಕದಲ್ಲಿ ಹಾಕಿದನೋ, ಮುಂದಿನ ಖೋಲಿಯ ಬಲ್ಬಿನ ಬಟನ್ನನ್ನು ಅಡುಗೆಮನೆಯ ಗೋಡೆಗೆ ಕೂರಿಸಿ ಹೋಗಿದ್ದ. ಅವ್ವ ಅವನ ಜನ್ಮ ಜಾಲಾಡಿದ್ದಳು. ಒಂದು ಸಂಜೆ ಅಪ್ಪ ಎಷ್ಟು ಹೊತ್ತಾದರೂ ಮಷಿನ್ ಬಿಟ್ಟು ಏಳದಿದ್ದಾಗ, ಹಾಳಾಗಿ ಹೋಗಲಿ ಎಂದು ಆ ಬಟನ್ ಆರಿಸಿಬಿಟ್ಟಳು. ಕರೆಂಟು ಹೋಯಿತೆಂದುಕೊಂಡು ಅಪ್ಪ ಎದ್ದು ಒಳಗೆ ಬಂದ. ನೋಡಿದರೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ, ಅವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ. ಇಬ್ಬರೂ ನಕ್ಕುಬಿಟ್ಟರು.

ಅವತ್ತಿನಿಂದ ಆ ಬಟನ್ನೇ ಅವ್ವನ ನಾಲಿಗೆಯಾಯಿತು. ಚಟಚಟ ಎಂದು ಎರಡು ಸಲ ಆರಿಸಿ ಹಾಕಿದರೆ ಬಾ ಎಂದು. ಒಮ್ಮೆಲೇ ಆರಿಸಿ ಹಾಗೇ ಬಿಟ್ಟರೆ ಸಾಕು ಮಾಡು, ಮಲಗು ಎಂದು. ಜಗಳವಾದ ದಿನ ಬಲ್ಬು ಎಷ್ಟು ಹೊತ್ತಿ ಆರುತ್ತಿತ್ತೆಂದರೆ, ನಿಮ್ಮ ಮನೆಗೆ ಮಾತ್ರ ಯಾಕೆ ಹೀಗೆ ಕರೆಂಟು ನಡುಗುತ್ತದೆ ಎಂದು ಓಣಿಯವರು ಕೇಳುತ್ತಿದ್ದರು. ನಾನು ನರ್ಸಿಂಗ್ ಪರೀಕ್ಷೆ ಪಾಸಾದ ದಿನ ಅವ್ವ ಸಂತೋಷಕ್ಕೆ ಬಟನ್ ಬಡಿದು ಬಡಿದು ಬಲ್ಬನ್ನೇ ಸುಟ್ಟಳು. ಏನಾಯಿತೋ ಎಂದು ಅಪ್ಪ ಕತ್ತಲಲ್ಲಿ ಗಾಬರಿಯಿಂದ ಓಡಿಬಂದಿದ್ದ.

ಕಳ್ಳನ್ನ ಹಿಡಿದಂಗ ಎಂದು ಅಪ್ಪ ಅಂದಾಗ ನನಗೆ ಇದೆಲ್ಲ ನೆನಪಾಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಹೇಗೂ ವೈರಿಂಗ್ ನಡೆದಿದೆ, ಅಪ್ಪನ ಖೋಲಿಯ ದೀಪಕ್ಕೆ ನನ್ನ ಅಡುಗೆಮನೆಯಲ್ಲೊಂದು ಬಟನ್ ಬೇಕೇ ಬೇಕು ಎಂದು ಗಂಡನಿಗೆ ಹೇಳಿದೆ. ಅವರ ಮುಖ ಅರಳಿತು. ಸ್ಮಾರ್ಟ್ ಸ್ವಿಚ್ಚಿನಲ್ಲಿ ಅದು ಎಡಗೈ ಕೆಲಸ, ಗೋಡೆ ಒಡೆಯುವುದೂ ಬೇಡ ಎಂದು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಂಗಡಿಗೆ ಹೊರಟರು.

ಅಂಗಡಿಯವನು ಮೊದಲು ತೋರಿಸಿದ್ದು ಗಾಜಿನದು. ಬೆರಳು ತಾಗಿಸಿದರೆ ದೀಪ ಮದುಮಗಳ ಹಾಗೆ ಮೆಲ್ಲಗೆ ಬಂತು, ಮೆಲ್ಲಗೇ ಹೋಯಿತು. ಇವರು ವಾಹ್ ಎಂದರು. ನಾನು ಅವ್ವನ ಹಾಗೆ ಚಟಚಟ ಎಂದು ಎರಡು ಸಲ ಬಡಿದೆ. ದೀಪ ಅರ್ಧ ಕಣ್ಣು ಮುಚ್ಚಿ ಮತ್ತೆ ತೆರೆಯಿತು, ಅಷ್ಟೇ. ಅಪ್ಪ ತಲೆ ಎತ್ತಿಯೂ ನೋಡುವುದಿಲ್ಲ ಇದಕ್ಕೆ. ಎರಡನೆಯದು ವೈಫೈ ಮೇಲೆ ನಡೆಯುವಂಥದ್ದು. ಅದು ನನ್ನ ಎರಡು ಬಡಿತ ಕೇಳಿ, ಯೋಚಿಸಿ, ತಡವಾಗಿ ಒಂದೇ ಸಲ ಮಿಟುಕಿತು. ವೈಫೈ ನಿಂತರೆ ಅದೂ ಇಲ್ಲ.

ಹೀಗೆ ಬಡಿದರೆ ಬಲ್ಬು ಕೆಡುತ್ತದೆ ಎಂದು ಅಂಗಡಿಯವನು ಮೆಲ್ಲಗೆ ಗೊಣಗಿದ. ಕೆಡಲಿ, ಹೊಸದು ಹಾಕುತ್ತೇನೆ ಎಂದೆ. ಇಂಥ ಗಿರಾಕಿಯನ್ನು ಅವನು ನೋಡಿರಲಿಕ್ಕಿಲ್ಲ. ಎಲ್ಲರೂ ಫೋನ್ ಹಿಡಿದು ಪರೀಕ್ಷೆ ಮಾಡಿದರೆ, ಈ ಹೆಂಗಸು ಸ್ವಿಚ್ಚನ್ನು ರೊಟ್ಟಿ ಬಡಿದಂತೆ ಬಡಿಯುತ್ತಾಳಲ್ಲ ಎಂದುಕೊಂಡಿರಬೇಕು. ಕೊನೆಗೆ ಅವನು ಸಾದಾ ಬಟನ್ನಿನ ಹಿಂದೆ, ಗೋಡೆಯ ಡಬ್ಬಿಯೊಳಗೆ ಕೂರುವ, ವೈಫೈ ಬೇಡದ ಒಂದು ಸಣ್ಣ ಪೆಟ್ಟಿಗೆ ತಂದ. ಒತ್ತಿದ ಕೂಡಲೇ ಆರಿತು, ಒತ್ತಿದ ಕೂಡಲೇ ಹೊತ್ತಿತು. ಅದಕ್ಕೆ ಸರಿಯಾದ ಬಲ್ಬನ್ನೂ ನೋಡಿಯೇ ಕೊಂಡೆ, ಕೆಲವು ಎಲ್‌ಇಡಿ ಬಲ್ಬುಗಳು ಆರಿಸಿದ ಮೇಲೂ ಮಿಣಮಿಣ ಎನ್ನುತ್ತವೆ. ಗಾಜಿನದು ಹಾಲ್‌ಗೆ ಮಾತ್ರ ಎಂದು ಗಂಡನನ್ನು ಒಪ್ಪಿಸಿದೆ. ಅವರು ಈಗ ದಿನಾ ಸಂಜೆ ಫೋನಿನಿಂದ ಹಾಲ್‌ನ ದೀಪ ಹಾಕಿ ಖುಷಿಪಡುತ್ತಾರೆ.

ಕೆಲಸ ಮುಗಿದ ಮೇಲೆ ಸಾಯಗಾಂವಕ್ಕೆ ಹೋಗಿ ಅಪ್ಪನನ್ನು ಕರೆತಂದೆ. ಬಟನ್ನಿನ ವಿಷಯ ಬಾಯಿ ಬಿಡಲಿಲ್ಲ. ಕಿಟಕಿಯ ಹೊಸ ಪರದೆಗಳ ಅಂಚು ಮಡಿಚಿ ಹೊಲಿದುಕೊಡು ಎಂದು ಬಟ್ಟೆ ಕೊಟ್ಟೆ. ನಮ್ಮ ಮನೆಯಲ್ಲೂ ಮುಂದಿನ ಖೋಲಿಯೇ ಅವನದು; ಅಲ್ಲಿ ಬಾಗಿಲಿಗೆ ಬೆನ್ನು ಮಾಡಿ, ದೀಪ ಹಾಕಿಕೊಂಡು, ಸೂಜಿ ಹಿಡಿದು ಕೂತ. ಸಂಜೆ ಚಹಾ ಕುದಿಯಿತು. ನಾನು ಅಡುಗೆಮನೆಯಲ್ಲಿ ನಿಂತು ಬಟನ್ ಮೇಲೆ ಕೈ ಇಟ್ಟು, ಅವ್ವನ ಹಾಗೆಯೇ ಚಟಚಟ ಎಂದು ಎರಡು ಸಲ ಆರಿಸಿ ಹಾಕಿದೆ.

"ಬಂದೆ ತಡಿ, ಒಂದ್ ಟಾಕಾ ಉಳದದ."

ಇಡೀ ಮನೆಗೆ ಕೇಳುವ ಹಾಗೆ ಕೂಗಿದ. ಸ್ವಲ್ಪ ಬೇಸರ, ಸ್ವಲ್ಪ ಸಲಿಗೆ. ನನ್ನ ಜೊತೆ ಅಪ್ಪ ಆ ದನಿಯಲ್ಲಿ ಎಂದೂ ಮಾತಾಡಿದವನಲ್ಲ. ಅದು ಅವ್ವನಿಗೆ ಮಾತ್ರ ಇಟ್ಟಿದ್ದ ದನಿ. ಕೊನೆಯ ಹೊಲಿಗೆಯೊಂದು ಬಾಕಿ ಇದೆ ಎಂದು ಅವಳನ್ನು ಕಾಯಿಸುವುದು ಅವನ ನಿತ್ಯದ ನೆಪ. ನನ್ನ ಕೈ ಬಟನ್ ಮೇಲೇ ನಿಂತುಬಿಟ್ಟಿತು. ಅಯ್ಯೋ ದೇವರೇ, ಇದೇನು ಮಾಡಿಬಿಟ್ಟೆ ಎಂದುಕೊಂಡೆ.

ಬಹಳ ಹೊತ್ತಿನ ಮೇಲೆ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ನನ್ನನ್ನು ನೋಡಿದ, ಗೋಡೆಯ ಮೇಲಿನ ಬಟನ್ ನೋಡಿದ. ನಾನು ಅಳುತ್ತಿದ್ದೆ. ತಪ್ಪಾಯಿತಪ್ಪಾ, ನಾಳೆಯೇ ತೆಗೆಸಿಬಿಡುತ್ತೇನೆ ಎಂದು ಅವನಿಗೆ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. ಈ ಸಲ ಚೀಲ ಹಿಡಿದು ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಅಪ್ಪ ತಲೆ ಅಲ್ಲಾಡಿಸಿದ. ಹತ್ತಿರ ಬಂದು, ನನ್ನ ಕೈಯನ್ನು ಬಟನ್ನಿನಿಂದ ಮೆಲ್ಲಗೆ ಸರಿಸಿದ.

"ತೆಗಸಬ್ಯಾಡ. ಆದ್ರ, ಎರಡು ಸರ್ತಿ ಮಾಡಬ್ಯಾಡ. ಅದು ಆಕಿದು."

ತಾನೇ ಬಟನ್ ಒತ್ತಿ ಮುಂದಿನ ಖೋಲಿಯ ದೀಪ ಆರಿಸಿದ. ಓಣಿಯಂಥ ನಡುಮನೆಯ ಆಚೆ ಕತ್ತಲಾಯಿತು. ಒಂದು ಉಸಿರಿನಷ್ಟು ತಡೆದು ಮತ್ತೆ ಹಾಕಿದ.

"ಹಿಂಗ ಮಾಡು. ನೀ ಕರದಿ ಅಂತ ತಿಳೀತದ. ನಾ ಇಲ್ಲೇ ಇರ್ತೇನಿ."