ಬೀಳದಿರಲೆಂದು ತಳ್ಳುವ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಉದ್ದನೆಯ ಕೋಣೆ. ನಡುವೆ ಗಂಡಸೊಬ್ಬರು ಕಾಲು ಜೋಡಿಸಿ ನಿಂತಿದ್ದಾರೆ. ಹಣೆ ಬೆವರುತ್ತಿದೆ. ನೀಲಿ ಮೇಲಂಗಿಯ ಹೆಂಗಸು ಹಿಂದಿನಿಂದ ಬಂದು, ಹೇಳದೆ ಕೇಳದೆ ಅವರ ಬೆನ್ನಿಗೆ ಕೈಯಿಟ್ಟು ನೂಕುತ್ತಾರೆ. ಆ ಮನುಷ್ಯ ಮುಗ್ಗರಿಸಿ ಹಾರುತ್ತಾರೆ. ಸೊಂಟದ ಪಟ್ಟಿ ಹಿಡಿದು ಎಳೆದು ನಿಲ್ಲಿಸಿ, ಈಕೆ ಮತ್ತೆ ನೂಕುತ್ತಾರೆ. ರೋಗಿಯನ್ನು ತಳ್ಳುವುದೇ!

"ಅಕ್ಕಾ, ಜೀವ ತೆಗೀತೀರಾ?"

"ತೆಗೆಯೋದಿದ್ರೆ ಪಟ್ಟಿ ಯಾಕೆ ಕಟ್ತಿದ್ದೆ? ನೆಟ್ಟಗೆ ನಿಂತ್ಕೊಳ್ಳಿ. ಬ್ರೇಕ್ ಹಾಕೋವಾಗ ನಿಮ್ಮ ಡ್ರೈವರ್ರು ನಿಮ್ಮನ್ನ ಕೇಳಿ ಹಾಕ್ತಾರಾ?"

ರೋಗಿಗಳ ಬಾಯಲ್ಲಿ ಇವರು 'ತಳ್ಳೋ ಅಕ್ಕ'. ವಯಸ್ಸು ಐವತ್ತೆರಡು. ಮೊದಲು ಇಲ್ಲೇ ನೆಲ ಒರೆಸುತ್ತಿದ್ದರು, ಈಗ ಹದಿನೇಳು ವರ್ಷದಿಂದ ಈ ಕೋಣೆಯ ಸಹಾಯಕಿ. ದಿನಕ್ಕೆ ಹನ್ನೊಂದು ರೋಗಿಗಳು, ಒಬ್ಬೊಬ್ಬರಿಗೆ ನಲವತ್ತು ನೂಕು. ಗೋಡೆಯ ಫಲಕದಲ್ಲಿ ಯಂತ್ರ ದಾನ ಕೊಟ್ಟವರ ಹೆಸರೂ ಇದೆ. ಇವರದ್ದಿಲ್ಲ.

ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ, ಕಿರುಮೆದುಳು ಇದೆ. ಶಾಲೆಯಲ್ಲಿ ಅನುಮಸ್ತಿಷ್ಕ ಎಂದು ಬಾಯಿಪಾಠ ಮಾಡಿ ನಾವೆಲ್ಲ ಮರೆತಿದ್ದು ಇದನ್ನೇ. ಕಣ್ಣು, ಒಳಕಿವಿ, ಕೀಲು, ಅಂಗಾಲುಗಳಿಂದ ಬರುವ ಸುದ್ದಿಯನ್ನು ಅದು ಕೂಡಿಸಿಕೊಳ್ಳುತ್ತದೆ. ಮೈ ಎಷ್ಟು ವಾಲಿತು, ಯಾವ ಸ್ನಾಯು ಎಷ್ಟು ಬಿಗಿಯಬೇಕು ಎಂದು ನಾವು ಯೋಚಿಸುವ ಮೊದಲೇ ತಿದ್ದುತ್ತದೆ. ಅದಕ್ಕೆ ಪೆಟ್ಟಾದರೆ? ಅಕ್ಕ ಹೇಳುವುದು ಹೀಗೆ: "ಕಾಲಲ್ಲಿ ಬಲ ಇರುತ್ತೆ, ಅಳತೆ ಇರಲ್ಲ. ನಾನು ಬೆರಳಷ್ಟು ತಳ್ಳಿದ್ರೆ ಮೈ ಮಾರುದ್ದ ಹಾರುತ್ತೆ. ದಿನಾ ತಳ್ಳಿ ತಳ್ಳಿ ಆ ಅಳತೆ ಮತ್ತೆ ಕಲಿಸ್ಬೇಕು."

ಪಟ್ಟಿ ಕಟ್ಟಿಕೊಂಡು ನಿಂತಿರುವವರು ಬಸ್ ಕಂಡಕ್ಟರ್. ಇಪ್ಪತ್ತೆರಡು ವರ್ಷ, ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿದವರು. ನಾಲ್ಕು ತಿಂಗಳ ಹಿಂದೆ ಬಸ್ಸಿನಲ್ಲೇ ತೂರಾಡಿದರು, ಮಾತು ತೊದಲಿತು. ಕಿರುಮೆದುಳಿನಲ್ಲಿ ರಕ್ತ ಸೋರಿತ್ತು. ಪ್ರಯಾಣಿಕರು ನಕ್ಕರು. ಡಿಪೋದವರು, "ಕುಡಿದಿದ್ದು ಇಳಿಯೋವರೆಗೂ ಬಿದ್ದಿರ್ಲಿ" ಎಂದು ಬೆಂಚಿನ ಮೇಲೆ ಮಲಗಿಸಿದರು. ಐದು ಗಂಟೆ! ವಾಂತಿಗೆ ಬಕೆಟ್ ತಂದಿಟ್ಟವನಿದ್ದ. ಬಾಯಿ ಮೂಸಿ ನೋಡುವ ಒಂದೇ ಒಂದು ಮೂಗು ಅಲ್ಲಿರಲಿಲ್ಲ.

ಕೊನೆಗೆ ಹೆಂಡತಿ ಆಸ್ಪತ್ರೆಗೆ ಕರೆತಂದರೆ ಬಾಗಿಲಲ್ಲೂ ಅದೇ ಮಾತು: ಕುಡಿದಿದ್ದಾನೆ, ಆ ಕಡೆ ಕೂರಿಸಿ. ಆಗ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಿದ್ದ ಅಕ್ಕ ನಿಂತರು. ನನ್ನ ಬೆರಳು ಮುಟ್ಟಿ, ಆಮೇಲೆ ನಿಮ್ಮ ಮೂಗು ಮುಟ್ಟಿಕೊಳ್ಳಿ ಎಂದರು.

"ಎಡಗೈ ಸರಿಯಾಗಿ ಮೂಗಿಗೆ ಬಂತು. ಬಲಗೈ ಕೆನ್ನೆಗೆ ಹೋಯ್ತು. ಕುಡಿದಿದ್ದು ಒಂದೇ ಕಡೆಗೆ ಏರುತ್ತಾ? ಕುರ್ಚೀಲಿ ಕೂರಿಸ್ಕೊಂಡು ಓಡಿದೆ."

ಇದನ್ನು ಕಲಿತದ್ದೆಲ್ಲಿ ಎಂದರೆ ಅಕ್ಕ ತುಸು ಹೊತ್ತು ಪಟ್ಟಿಯ ಕೊಂಡಿ ಒರೆಸುತ್ತಾರೆ.

"ನಮ್ಮಪ್ಪ ಗಾರೆ ಕೆಲಸದವರು. ಕೊನೆ ಎರಡು ವರ್ಷ ಗೋಡೆ ಹಿಡ್ಕೊಂಡು ನಡೀತಿದ್ರು. ಬೀದಿಯವರೆಲ್ಲ ಕುಡುಕ ಅಂದ್ರು. ನಾನೂ ಅಂದೆ. ಒಂದಿನ ಚಿಲಕ ಹಾಕ್ಕೊಂಡು, ಇಳಿದ ಮೇಲೆ ಬಾ ಅಂದೆ. 'ಕುಡಿದಿಲ್ಲ ಮಗಳೇ' ಅಂತ ಹೊರಗಿಂದ ಹೇಳ್ತಾನೇ ಇದ್ರು. ಅವರು ಹೋಗಿ ಆರು ವರ್ಷಕ್ಕೆ ನಾನಿಲ್ಲಿ ನೆಲ ಒರೆಸ್ತಿದ್ದೆ. ಡಾಕ್ಟರಮ್ಮ ಇಂಥದ್ದೇ ಕಾಯಿಲೆಯವರೊಬ್ಬರನ್ನ ನಿಲ್ಲಿಸಿ ವಿದ್ಯಾರ್ಥಿಗಳಿಗೆ ತೋರಿಸ್ತಿದ್ರು. ನಿಂತಿದ್ದು ನಮ್ಮಪ್ಪನ ಥರಾನೇ. ಒರೆಸೋ ಕೋಲು ಕೈಯಿಂದ ಬಿದ್ದೋಯ್ತು."

ಅಕ್ಕ ಎದ್ದು, "ಹೂಂ, ಮುಂದಿನವರು ಬನ್ನಿ" ಎನ್ನುತ್ತಾರೆ.

ಇವರ ಕೈಯಿಂದ ಜಾರಿ ಬಿದ್ದವರು ಒಬ್ಬರೇ, ಮೊದಲ ವರ್ಷ. ಬಾಗಿಲಿಂದ ಯಾರೋ ಕರೆದರು, ಇವರು ತಿರುಗಿದರು, ರೋಗಿಯ ಮಣಿಕಟ್ಟು ಮುರಿಯಿತು. ಅಂದಿನಿಂದ ರೋಗಿಯನ್ನು ನಿಲ್ಲಿಸಿಕೊಂಡಾಗ ಯಾರು ಕರೆದರೂ ಓಗೊಡುವುದಿಲ್ಲ.

ಈ ದಿನ ಕಂಡಕ್ಟರರ ಪರೀಕ್ಷೆ. ತಿಂಗಳ ಕೊನೆಯೊಳಗೆ ಆಸರೆಯಿಲ್ಲದೆ ನಿಂತು ತೋರಿಸದಿದ್ದರೆ ಕೆಲಸ ಇಲ್ಲ ಎಂದು ಡಿಪೋದಿಂದ ಕಾಗದ ಬಂದಿದೆ. ಎಂಟು ಗಂಟೆಗೆ ಡಾಕ್ಟರಮ್ಮ ಬರುತ್ತಾರೆ. ಹೆಂಡತಿ ಬಾಗಿಲ ಬಳಿ ನಿಂತು ಬೆರಳು ಹಿಸುಕಿಕೊಳ್ಳುತ್ತಿದ್ದಾರೆ.

"ಅಕ್ಕ, ಪಟ್ಟಿ ಬಿಡಿ," ಕಂಡಕ್ಟರ್ ಕೇಳುತ್ತಾರೆ.

ಅಕ್ಕ ಬಲಗಡೆಯಿಂದ ನೂಕುತ್ತಾರೆ. ಕಂಡಕ್ಟರರ ಎಡಗಾಲು ಗೇಣಷ್ಟು ಸರಿದು ನಿಲ್ಲುತ್ತದೆ.

"ಅಕ್ಕ, ಕೇಳಿಸ್ತಾ?"

ಎಡದಿಂದ ನೂಕು. ಮೈ ಓಲಾಡಿ ನೆಟ್ಟಗಾಗುತ್ತದೆ. ಬೆನ್ನಿಗೆ ಜೋರಾಗಿ ಇನ್ನೊಂದು. ಮುಂದಕ್ಕೆ ಒಂದು ಹೆಜ್ಜೆ. ಒಂದೇ.

"ಯಾಕೆ ನಿಲ್ಲಿಸಿದ್ರಿ? ಪಟ್ಟಿ ಬಿಟ್ಟು ತಳ್ಳಿ ನೋಡೋಣ," ಎನ್ನುತ್ತಾರೆ ಕಂಡಕ್ಟರ್.

"ಬಿಟ್ಟು ಮೂರು ಸಲ ತಳ್ಳಾಯ್ತು ಕಂಡಕ್ಟ್ರೇ," ಅಕ್ಕ ಎರಡೂ ಖಾಲಿ ಕೈ ಎತ್ತಿ ತೋರಿಸುತ್ತಾರೆ.

ಹೆಂಡತಿ ಬಾಗಿಲಿಗೆ ಹಣೆಯಿಟ್ಟು ಅಳುತ್ತಾರೆ. ಎಲ್ಲ ನೋಡಿದ ಡಾಕ್ಟರಮ್ಮ ಬರೆದುಕೊಡುತ್ತಾರೆ: ಎರಡು ತಿಂಗಳು ಕೂತು ಮಾಡುವ ಕೆಲಸ, ಮತ್ತೊಮ್ಮೆ ನೋಡಿ ಆಮೇಲೆ ಬಸ್ಸು.

ನಿಮಗೇನಾಸೆ ಎಂದು ಕೇಳಿದರೆ ಅಕ್ಕನಿಗೆ ನಾಚಿಕೆ. ಪಟ್ಟಿ ಮಡಚುತ್ತಾ ಹೇಳುತ್ತಾರೆ:

"ಒಂದ್ಸಲ ಇವರ ಬಸ್ಸಲ್ಲಿ ಹೋಗ್ಬೇಕು. ಸೀಟಿದ್ರೂ ಕೂರಲ್ಲ. ನಿಂತ್ಕೊಂಡು ಇವರ ಕಾಲು ನೋಡ್ತಾ ಹೋಗ್ತೀನಿ."